ಅಜ್ಜನ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಕೊಡಗಿನ ಹಲವು ತೋಟದ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದವರು ಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು, ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಅಜ್ಜ 1968ರಿಂದ ಬರೆದಿಟ್ಟ ಪುಸ್ತಕಗಳಿವೆ. ಕಳೆದ ಮಳೆಗಾಲದಲ್ಲಿ ಅವುಗಳಲ್ಲಿ ಎರಡಕ್ಕೆ ಬೂಷ್ಟು ಹಿಡಿದದ್ದನ್ನು ಕಂಡ ದಿನವೇ ಈ ಕೆಲಸಕ್ಕೆ ಕುಳಿತೆ.

ಸರ್ಕಾರದ ಲೆಕ್ಕ ಇರುವಾಗ ಇದೇಕೆ ಎನ್ನುವವರಿದ್ದಾರೆ. ಭಾರತೀಯ ಹವಾಮಾನ ಇಲಾಖೆಯ ಜಾಲತಾಣದಲ್ಲಿ 1901ರಿಂದೀಚಿನ ದಿನವಹಿ ಮಳೆ ಮಾಹಿತಿ ಉಚಿತವಾಗಿ ಸಿಗುತ್ತದೆ. ಅದನ್ನು ಮೊದಲ ಬಾರಿ ತೆರೆದಾಗ ನನಗೆ ನಿಧಿ ಸಿಕ್ಕಷ್ಟು ಸಂತೋಷವಾಗಿತ್ತು. ಆದರೆ ಅದರಲ್ಲಿ ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಹಂಚಲಾಗಿದೆ. ಒಂದು ಚೌಕದ ಬದಿಯೇ ಸುಮಾರು 27 ಕಿಲೋಮೀಟರ್. ಮಡಿಕೇರಿಯಲ್ಲಿ ಜಡಿಮಳೆ ಸುರಿಯುತ್ತಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುವ ನಾಡು ನಮ್ಮದು. ನಿಮ್ಮ ತೋಟದ ಮಳೆ ನಿಮ್ಮ ಪುಸ್ತಕದಲ್ಲಿ ಮಾತ್ರ ಇದೆ.

ಮೊದಲು ಪುಟಗಳ ಚಿತ್ರ ತೆಗೆಯಿರಿ. ಬಿಸಿಲಿರುವ ದಿನ, ಕಿಟಕಿಯ ಬಳಿ, ಫ್ಲ್ಯಾಶ್ ಇಲ್ಲದೆ, ಮೊಬೈಲನ್ನು ಪುಟಕ್ಕೆ ನೇರವಾಗಿ ಹಿಡಿದರೆ ಸಾಕು. ಟೈಪಿಂಗ್ ಮಳೆಗಾಲಕ್ಕಿರಲಿ, ಚಿತ್ರಗಳಂತೂ ಬೇಸಿಗೆಯಲ್ಲೇ ಮುಗಿಯಬೇಕು.

ನಂತರ ಉಚಿತವಾಗಿ ಸಿಗುವ ಲೆಕ್ಕದ ಹಾಳೆಯ ತಂತ್ರಾಂಶ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ದಿನಾಂಕ, ಇಂಚು, ಸೆಂಟು, ಷರಾ ಎಂದು ನಾಲ್ಕು ಕಾಲಂ ಮಾಡಿಕೊಳ್ಳಿ. ಇಂಚು ಮತ್ತು ಸೆಂಟುಗಳನ್ನು ಬೇರೆ ಬೇರೆ ಕಾಲಂನಲ್ಲಿ ಇಡುವುದಕ್ಕೆ ಕಾರಣವಿದೆ. ಪುಸ್ತಕದಲ್ಲಿ 2.5 ಎಂದಿದ್ದರೆ ಅದು ಎರಡೂವರೆ ಇಂಚೋ, ಎರಡು ಇಂಚು ಐದು ಸೆಂಟೋ? ನೂರು ಸೆಂಟಿಗೆ ಒಂದು ಇಂಚಾದ್ದರಿಂದ ಇವೆರಡರ ನಡುವೆ ಅರ್ಧ ಇಂಚಿನಷ್ಟು ಅಂತರವಿದೆ. ಇತರ ಪುಟಗಳನ್ನು ತಿರುವಿ ನೋಡಿ. ಎಲ್ಲಾದರೂ 2.50 ಎಂಬಂಥ ಬರಹ ಸಿಕ್ಕರೆ, 2.5 ಎಂದರೆ ಐದು ಸೆಂಟು ಎಂದೇ ತಿಳಿಯಬಹುದು. ಅಜ್ಜನ ರೂಢಿ ಇದೇ ಎಂದು ಖಚಿತವಾಗಲು ನನಗೆ ಮೂರು ಸಂಜೆ ಹಿಡಿಯಿತು. ಕನ್ನಡ ಅಂಕಿಗಳಿದ್ದರೆ ೬ ಮತ್ತು ೯ರ ಬಗ್ಗೆ ವಿಶೇಷ ಎಚ್ಚರ ಬೇಕು.

ಮಿಲಿಮೀಟರ್ ಬೇಕಿದ್ದರೆ ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಕೂಡಿಸಿ, 25.4ರಿಂದ ಗುಣಿಸುವ ಸೂತ್ರವನ್ನು ಐದನೆಯ ಕಾಲಂನಲ್ಲಿ ಬರೆಯಿರಿ. ಮೂಲ ಅಂಕಿಗಳನ್ನು ಮಾತ್ರ ಮುಟ್ಟಬೇಡಿ. ಮಳೆ ಬಾರದ ದಿನಕ್ಕೆ ಸೊನ್ನೆ ಹಾಕಿ, ಅಳೆಯದ ದಿನವನ್ನು ಖಾಲಿ ಬಿಡಿ. ಇವೆರಡೂ ಒಂದೇ ಅಲ್ಲ.

ನಾನು ಅತಿ ಹೆಚ್ಚು ಕಷ್ಟಪಟ್ಟದ್ದು ದಿನಾಂಕದಲ್ಲಿ. ಒಂದು ವರ್ಷದ ಲೆಕ್ಕ ಮುಗಿಸಿ ನೋಡಿದರೆ ಮಾರ್ಚ್ 8ರಂದು ಆರು ಇಂಚು ಮಳೆ! ಕಾಫಿ ಹೂವರಳಿಸುವ ಹೂಮಳೆ ಒಂದು ಇಂಚು ಬಿದ್ದರೆ ನೆಮ್ಮದಿಯ ಉಸಿರು ಬಿಡುವ ಊರಿದು. ನಾನು 3/8 ಎಂದು ಟೈಪ್ ಮಾಡಿದ್ದನ್ನು ತಂತ್ರಾಂಶವು ಅಮೆರಿಕದ ಪದ್ಧತಿಯಂತೆ ತಿಂಗಳು ಮೊದಲು ಎಂದು ಓದಿತ್ತು. ಆಗಸ್ಟ್ 3ರ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟರ ಮಳೆ ಕಾಫಿ ಹೂವಿನ ಕಾಲಕ್ಕೆ ಹೋಗಿ ಕುಳಿತಿತ್ತು. 15/8ರಂಥವು ದಿನಾಂಕವೇ ಆಗದೆ ಬರೀ ಅಕ್ಷರಗಳಾಗಿ ಉಳಿದಿದ್ದವು. ಅಂದಿನಿಂದ 1974-08-03 ಎಂದು, ವರ್ಷವನ್ನು ಮೊದಲಿಟ್ಟು ನಾಲ್ಕಂಕಿಯಲ್ಲೇ ಬರೆಯುತ್ತೇನೆ. ಹೀಗೆ ಬರೆದರೆ ಯಾವ ದೇಶದ ಸೆಟ್ಟಿಂಗ್ ಇದ್ದರೂ ಗೊಂದಲವಿಲ್ಲ.

ಷರಾಗಳನ್ನು ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿ. ಆಗ ‘ರಸ್ತೆಗೆ ನೀರು’ ಎಂದು ಹುಡುಕಿದರೆ ನಾಪೋಕ್ಲು–ಮೂರ್ನಾಡು ರಸ್ತೆ ಮುಳುಗಿದ ದಿನಗಳೆಲ್ಲ ಒಟ್ಟಿಗೆ ಸಿಗುತ್ತವೆ. ಕರೆಂಟು ಹೋಗುವ ಕಾಲವಾದ್ದರಿಂದ ತಾನಾಗಿ ಉಳಿಸುವ ಅವಧಿಯನ್ನು ಎರಡು ನಿಮಿಷಕ್ಕೆ ಇಳಿಸಿ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿರಲಿ, ಇನ್ನೊಂದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನೆಂಟರ ಬಳಿ ಇರಲಿ.

ಕೊನೆಯಲ್ಲಿ ಮತ್ತೊಂದು ಹಾಳೆ ತೆರೆದು, ಮಾಪಕ ಎಲ್ಲಿತ್ತು, ಎಷ್ಟು ಗಂಟೆಗೆ ಅಳೆಯುತ್ತಿದ್ದರು, ಯಾರು ಅಳೆಯುತ್ತಿದ್ದರು ಎಂಬುದನ್ನು ಬರೆಯಿರಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಒಂದು ದಿನವೆಂದು ಎಣಿಸುತ್ತದೆ. ನಿಮ್ಮ ಮನೆಯ ಹೊತ್ತು ಬೇರೆಯಿದ್ದರೆ ಹೋಲಿಸುವವರಿಗೆ ಅದು ಗೊತ್ತಾಗಬೇಕು. ಇದನ್ನು ಹಿರಿಯರ ಪಕ್ಕ ಕುಳಿತೇ ಬರೆಯಬೇಕು. ಹಲಸಿನ ಮರದ ಕೊಂಬೆ ಬೆಳೆದು ಅಡ್ಡವಾಯಿತೆಂದು 1991ರಲ್ಲಿ ಮಾಪಕವನ್ನು ಅಂಗಳದಿಂದ ಕಾಫಿ ಕಣದ ಅಂಚಿಗೆ ಸಾಗಿಸಿದ್ದು ನಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಮ್ಮನಿಗೆ ನೆನಪಿತ್ತು.