ಅರಮನೆಯ ದೀಪ, ಆಷಾಢದ ಆಕಾಶ

ನನ್ನದು ಮೈಸೂರಿನಲ್ಲಿ ಒಂದು ಪುಟ್ಟ ಮೆಡಿಕಲ್ ಶಾಪ್. ಬೆಳಿಗ್ಗೆ ಬಾಗಿಲು ತೆಗೆದರೆ ಮುಚ್ಚುವುದು ರಾತ್ರಿ. ಭಾನುವಾರ ಮಾತ್ರ ಮಧ್ಯಾಹ್ನದಿಂದ ಬಿಡುವು. ಹಕ್ಕಿ, ಕಾಡು, ಬೆಳಗಿನ ಮಂಜು, ಇವೆಲ್ಲ ಪುರುಸೊತ್ತು ಇರುವವರ ಪಾಲು. ಕ್ಯಾಮೆರಾ ಕೊಂಡ ಮೇಲೆ ನನಗೆ ಉಳಿದಿದ್ದು ಕತ್ತಲೆ ಒಂದೇ.

ಎಲ್ಲರ ಹಾಗೆ ನಾನೂ ಶುರು ಮಾಡಿದ್ದು ದಸರೆಯಲ್ಲಿ, ಅರಮನೆಯ ಎದುರು. ಮೂರು ದಸರೆ ಹೋದೆ. ಮೂರು ವರ್ಷವೂ ಒಂದೇ ಫೋಟೊ ಸಿಕ್ಕಿತು. ಕರಿ ಹಲಗೆಯ ಮೇಲೆ ಚುಕ್ಕಿ ಇಟ್ಟು ಅಷ್ಟಕ್ಕೇ ಬಿಟ್ಟ ರಂಗೋಲಿಯ ಹಾಗೆ! ಮನೆಯವರೆಲ್ಲ ಚೆನ್ನಾಗಿದೆ ಎಂದರು. ನನಗೆ ಮಾತ್ರ ಕಿರಿಕಿರಿ. ಬಲ್ಬುಗಳು ಇದ್ದವು, ಅರಮನೆ ಇರಲಿಲ್ಲ. ಆ ಬೂದು ಕಲ್ಲು, ಗುಲಾಬಿ ಬಣ್ಣದ ಗುಮ್ಮಟಗಳು, ನಡುವಿನ ದೊಡ್ಡ ಗೋಪುರ, ಒಂದೂ ಕಾಣಿಸುತ್ತಿರಲಿಲ್ಲ.

ಮೊದಲು ಲೆನ್ಸನ್ನು ಬೈದೆ. ಸಾಲ ಮಾಡಿ ಇನ್ನೊಂದು ಲೆನ್ಸ್ ತಂದೆ. ಅದೇ ಕರಿ ಹಲಗೆ, ಅದೇ ಚುಕ್ಕಿ.

ಉತ್ತರ ಸಿಕ್ಕಿದ್ದು ಒಂದು ಆಷಾಢದ ಭಾನುವಾರ. ಊರಿಂದ ನೆಂಟರು ಬಂದಿದ್ದರು, ದೀಪ ತೋರಿಸಲು ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಮಳೆ ಬಂದು ನಿಂತಿತ್ತು. ಏಳು ಗಂಟೆಗೆ ದೀಪ ಹತ್ತಿತು, ಜನ ‘ಓ’ ಎಂದರು, ನಾನು ಸುಮ್ನೆ ಅಭ್ಯಾಸಕ್ಕೆ ಅಂತ ನಾಲ್ಕೈದು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಗುಮ್ಮಟದ ಹಿಂದೆ ಶಾಯಿಯಂಥ ನೀಲಿ ಆಕಾಶ. ಮೋಡದ ಅಂಚಿನಲ್ಲಿ ಇನ್ನೂ ಸ್ವಲ್ಪ ಕೆಂಪು. ಕಲ್ಲು ಕಲ್ಲಾಗಿಯೇ ಕಾಣುತ್ತಿತ್ತು. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ನಾನು.

ಆಮೇಲೆ ಕ್ಯಾಲೆಂಡರ್ ಹಿಡಿದು ಕೂತೆ. ಅರಮನೆಯ ದೀಪ ಭಾನುವಾರ ಹತ್ತುವುದು ಸಂಜೆ 7ಕ್ಕೆ. ಚಳಿಗಾಲವೋ ಮಳೆಗಾಲವೋ, ದೀಪಕ್ಕೆ ಅದರ ಗೊಡವೆಯಿಲ್ಲ. ಸೂರ್ಯನಿಗೆ ಇದೆ. ಡಿಸೆಂಬರಿನಲ್ಲಿ ಮೈಸೂರಲ್ಲಿ ಆರು ಗಂಟೆಗೆಲ್ಲ ಮುಳುಗಿಬಿಡುತ್ತಾನೆ. ದಸರೆಯ ಹೊತ್ತಿಗೆ ಆರರಿಂದ ಆರೂಕಾಲರ ನಡುವೆ. ಅಂದರೆ ಏಳಕ್ಕೆ ಆಕಾಶ ಪೂರ್ತಿ ಕಪ್ಪು. ಜೂನ್ ಕೊನೆ, ಜುಲೈನಲ್ಲಿ ಮುಳುಗುವುದು ಸುಮಾರು 6.50ಕ್ಕೆ. ಹತ್ತೇ ನಿಮಿಷಕ್ಕೆ ದೀಪ! ಹೆಚ್ಚು ಜನ ಫೋಟೊ ತೆಗೆಯುವ ಕಾಲದಲ್ಲಿ ಆಕಾಶವೇ ಇರುವುದಿಲ್ಲ. ಆಕಾಶ ಇರುವ ಕಾಲದಲ್ಲಿ ಮಳೆ ಅಂತ ಯಾರೂ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ಅರಮನೆಯ ಮುಖ ಪೂರ್ವಕ್ಕೆ. ನಾವು ಎದುರು ನಿಂತರೆ ನೋಡುವುದು ಪಡುವಣ ದಿಕ್ಕಿಗೆ. ಮುಳುಗಿದ ಸೂರ್ಯನ ಬೆಳಕು ಕೊನೆಯವರೆಗೆ ಉಳಿಯುವುದು ಗುಮ್ಮಟಗಳ ಬೆನ್ನಿಗೇ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿ, 1912ಕ್ಕೆ ಮುಗಿದ ಕಟ್ಟಡ ಇದು. ಫೋಟೊದವರ ಅನುಕೂಲ ನೋಡಿ ಯಾರೂ ದಿಕ್ಕು ಇಟ್ಟಿರಲಾರರು. ಆದರೂ ನಾನು ಮನಸ್ಸಿನಲ್ಲೇ ಒಂದು ಕೈ ಮುಗಿಯುತ್ತೇನೆ.

ನಾನು ಈಗ ಮಾಡುವುದು ಹೀಗೆ. ಆರೂಕಾಲಕ್ಕೆಲ್ಲ ಹೋಗಿ ಜಾಗ ಹಿಡಿಯುತ್ತೇನೆ. ಬೆಳಕು ಇರುವಾಗಲೇ ನಡುಗೋಪುರದ ಮೇಲೆ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನ್ಯುಯಲ್‌ಗೆ ತಳ್ಳಿಬಿಡುತ್ತೇನೆ. ಇಲ್ಲದಿದ್ದರೆ ಕತ್ತಲಾದ ಮೇಲೆ ಲೆನ್ಸು ಕನ್ನಡಕ ಕಳೆದುಕೊಂಡ ಅಜ್ಜನ ಹಾಗೆ ಹಿಂದೆ ಮುಂದೆ ತಡಕಾಡುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 8 (ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣ). ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, ಒಂದು ಸೆಕೆಂಡಿನಿಂದ ಶುರು. ಕ್ಯಾಮೆರಾದ ಆಟೋ ಲೆಕ್ಕವನ್ನು ನಂಬುವುದಿಲ್ಲ. ಸುತ್ತ ಕಪ್ಪು ಕಂಡರೆ ಅದಕ್ಕೆ ಗಾಬರಿ, ಎಲ್ಲವನ್ನೂ ಬೆಳಗಿಸಲು ಹೋಗಿ ಬಲ್ಬುಗಳನ್ನು ಬಿಳಿ ಮುದ್ದೆ ಮಾಡುತ್ತದೆ. ಲಕ್ಷದ ಹತ್ತಿರ ಬಲ್ಬುಗಳಿವೆ ಅಲ್ಲಿ. ಒಂದೊಂದೂ ಬೇರೆಬೇರೆಯಾಗಿ ಕಂಡರೇ ಕಮಾನಿನ ಗೆರೆ ಕಾಣುವುದು.

ಎಫ್ 16ಕ್ಕೆ ಹೋದರೆ ದೀಪಗಳಿಗೆ ನಕ್ಷತ್ರದ ಕಿರಣ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ನಿಜ, ಬೀದಿಯಲ್ಲಿ ಒಂಟಿ ಕಂಬಕ್ಕೆ ಅದು ಚೆಂದ. ಲಕ್ಷ ಬಲ್ಬಿಗೂ ಕಿರಣ ಬಂದರೆ ಮುಳ್ಳುಹಂದಿ ಅಷ್ಟೇ.

ದೀಪ ಹತ್ತಿದ ಮೇಲೆ ಗಡಿಬಿಡಿ ಬೇಡ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಬಲ್ಬಿನ ಬೆಳಕು ಏಳಕ್ಕೂ ಅಷ್ಟೇ, ಏಳೂವರೆಗೂ ಅಷ್ಟೇ. ಇಳಿಯುತ್ತಾ ಬರುವುದು ಆಕಾಶ. ಜುಲೈನ ಏಳು ಗಂಟೆಗೆ ಆಕಾಶವೇ ಜಾಸ್ತಿ, ದೀಪ ಮಂಕು. ನಿಧಾನಕ್ಕೆ ಆಕಾಶ ಇಳಿದು ಇಳಿದು ದೀಪದ ಸಮಕ್ಕೆ ಬರುತ್ತದೆ. 7.10ರಿಂದ 7.15ರ ನಡುವೆ, ಮೋಡ ನೋಡಿಕೊಂಡು. ತಕ್ಕಡಿಯ ಎರಡು ತಟ್ಟೆ ಒಂದು ಗಳಿಗೆ ಸಮ ನಿಂತ ಹಾಗೆ. ಅದು ಮೂರು ನಾಲ್ಕು ನಿಮಿಷ. ಆಮೇಲೆ ಎಷ್ಟು ತೆಗೆದರೂ ನನ್ನ ಹಳೆಯ ರಂಗೋಲಿಯೇ. ಇಂಗ್ಲಿಷಿನಲ್ಲಿ ಬ್ಲೂ ಅವರ್ ಎನ್ನುತ್ತಾರೆ, ಆದರೆ ನಮ್ಮಲ್ಲಿ ಎಲ್ಲಿಯ ಅವರ್? ಮುಚ್ಚಂಜೆ ಎಂಬ ನಮ್ಮ ಮಾತೇ ಸರಿ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ.

ಬಣ್ಣದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಯಾವ ಬೆಳಕನ್ನು ಬಿಳಿ ಎಂದು ಹಿಡಿಯಬೇಕು ಎಂದು ಕ್ಯಾಮೆರಾಕ್ಕೆ ಹೇಳುವ ಸೆಟ್ಟಿಂಗು, ವೈಟ್ ಬ್ಯಾಲೆನ್ಸ್, ಬಿಸಿಲಿನ ಲೆಕ್ಕದಲ್ಲಿದ್ದರೆ ಅರಮನೆ ಕಿತ್ತಳೆಯಾಗುತ್ತದೆ. ಬಲ್ಬಿನ ಲೆಕ್ಕಕ್ಕೆ ಇಟ್ಟರೆ ಆಸ್ಪತ್ರೆ ಗೋಡೆಯಷ್ಟು ಬಿಳಿ. ನಾನು ಅದನ್ನು 3500 ಕೆಲ್ವಿನ್‌ಗಿಂತ (ಬೆಳಕಿನ ಬಣ್ಣದ ಅಳತೆ) ಕೊಂಚ ಮೇಲೆ ಇಡುತ್ತೇನೆ, ಹಳದಿ ಉಳಿಯುತ್ತದೆ, ಆಕಾಶದ ನೀಲಿಯೂ ಗಟ್ಟಿಯಾಗುತ್ತದೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ, ತೆಗೆದರೆ ಮನೆಗೆ ಬಂದು ತಿದ್ದಬಹುದು.

ಟ್ರೈಪಾಡ್ ಎಲ್ಲ ಕಡೆ ಬಿಡುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ. ಬಿಟ್ಟರೂ ಭಾನುವಾರದ ಜಾತ್ರೆಯಲ್ಲಿ ಅದರ ಮೂರು ಕಾಲಿಗೆ ಯಾರಾದರೂ ಎಡವುವುದು ಗ್ಯಾರಂಟಿ. ನಾನು ಬಟ್ಟೆಯ ಚೀಲದಲ್ಲಿ ಎರಡು ಕೆಜಿ ರಾಗಿ ತುಂಬಿ ಬಾಯಿ ಹೊಲಿದಿದ್ದೇನೆ. ಕಟ್ಟೆಯ ಮೇಲೆ ಇಟ್ಟು ಕ್ಯಾಮೆರಾವನ್ನು ಅದರೊಳಗೆ ಒತ್ತಿದರೆ ಅಲ್ಲಾಡುವುದಿಲ್ಲ. ಅಕ್ಕಿಗಿಂತ ರಾಗಿ ಮೇಲು, ಕಾಳು ಸಣ್ಣ, ಸರಿಯಾಗಿ ಕೂರುತ್ತದೆ. ಬಟನ್ ಒತ್ತುವಾಗಿನ ಅದುರು ತಪ್ಪಿಸಲು ಎರಡು ಸೆಕೆಂಡಿನ ಟೈಮರ್. ಮಳೆ ಬಂದ ದಿನ ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನೆಲದ ಮೇಲೇ ಇಡುತ್ತೇನೆ. ಅಂಗೈ ಅಗಲದ ನೀರು ನಿಂತಿದ್ದರೂ ಸಾಕು, ಅಷ್ಟು ತಗ್ಗಿನಿಂದ ಅದರಲ್ಲಿ ಇಡೀ ಅರಮನೆ ತಲೆಕೆಳಗಾಗಿ ಕೂರುತ್ತದೆ.

ತಲೆಕೆಳಗು ಎಂದಾಗ ನೆನಪಾಯಿತು. ಒಂದು ವರ್ಷದ ಫೋಟೊಗಳಲ್ಲೆಲ್ಲ ಆಕಾಶದಲ್ಲಿ ಹಸಿರು ಚುಕ್ಕಿಗಳು. ಸೆನ್ಸರ್ ಹೋಯಿತು ಎಂದು ಎದೆ ಒಡೆದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಆ ಚುಕ್ಕಿಗಳೇ ಒಂದು ಪುಟ್ಟ ಉಲ್ಟಾ ಅರಮನೆ! ಲೆನ್ಸಿನ ಮುಂದೆ ಗೀರು ಬೀಳದಿರಲಿ ಅಂತ ಹಾಕಿಸಿದ್ದ ಯುವಿ ಫಿಲ್ಟರಿನ ಗಾಜಿನಲ್ಲಿ ಬಲ್ಬುಗಳು ಪ್ರತಿಫಲಿಸಿದ್ದವು. ರಾತ್ರಿ ಆ ಗಾಜನ್ನು ಬಿಚ್ಚಿಡಿ. ಹಾಗೆಯೇ, ಶಟರ್ ತುಂಬಾ ಹೊತ್ತು ತೆರೆದಾಗ ಬರುವ ನಾಯ್ಸ್ (ಫೋಟೊದಲ್ಲಿನ ಕಾಳುಕಾಳು) ಕಡಿಮೆ ಮಾಡುವ ಸೆಟ್ಟಿಂಗೂ ಬೇಡ. ಹದಿನೈದು ಸೆಕೆಂಡಿನ ಫೋಟೊ ತೆಗೆದರೆ ಇನ್ನೂ ಹದಿನೈದು ಸೆಕೆಂಡು ಸುಮ್ಮನೆ ಕಾಯಿಸುತ್ತದೆ. ನಮಗೆ ಇರುವುದೇ ನಾಲ್ಕು ನಿಮಿಷ ಅಲ್ವಾ?

ದೀಪ ಆರಿದ ಮೇಲೆ ನಾನು ಮನೆಗೆ ಹೋಗುವುದಿಲ್ಲ. ಕೆ.ಆರ್. ಸರ್ಕಲ್ ಕಡೆ ನಡೆಯುತ್ತೇನೆ. ಮಂಟಪದ ಕೆಳಗೆ ನಾಲ್ವಡಿಯವರ ಪ್ರತಿಮೆ, ಸುತ್ತ ನಿಲ್ಲದ ವಾಹನ. ಫುಟ್‌ಪಾತಿನ ಮೂಲೆಯಲ್ಲಿ ನಿಂತು ಎಫ್ 11, ಹದಿನೈದು ಸೆಕೆಂಡು. ಕಾರು, ಬಸ್ಸುಗಳ ದೀಪ ಕೆಂಪು ಬಿಳಿ ಗೆರೆಗಳಾಗಿ ಸುತ್ತುತ್ತವೆ. ಸಿಟಿ ಬಸ್ಸಿನ ಗೆರೆ ಎತ್ತರದಲ್ಲಿ, ಆಟೋದ್ದು ನೆಲಕ್ಕೆ ಹತ್ತಿರ. ಒಮ್ಮೆ ಒಂದು ಟಾಂಗಾ ಬಂತು. ಕುದುರೆ ಟಕಟಕ ಎನ್ನುತ್ತಾ ಕ್ಯಾಮೆರಾದ ಮುಂದೆಯೇ ಹೋಯಿತು, ಖುಷಿಯಿಂದ ಬಟನ್ ಒತ್ತಿದೆ. ಫೋಟೊದಲ್ಲಿ ಟಾಂಗಾ ಇಲ್ಲವೇ ಇಲ್ಲ! ಅದಕ್ಕೆ ದೀಪವಿಲ್ಲ, ನಿಂತೂ ಇರಲಿಲ್ಲ, ಹದಿನೈದು ಸೆಕೆಂಡಿನಲ್ಲಿ ಕರಗಿಹೋಗಿತ್ತು. ರಸ್ತೆ ದಾಟುವ ಜನರೂ ಹಾಗೆಯೇ ಮಾಯ. ನೋಡಿದರೆ ವಾಹನವೇ ಓಡಿಸುವವರಿಲ್ಲದೆ ಓಡುತ್ತಿರುವ ಊರಿನಂತಿತ್ತು. ಅಂದಿನಿಂದ ಇಂಥ ಗೆರೆಯ ಫೋಟೊಗಳ ಮೇಲೆ ನನಗೆ ಅಷ್ಟು ಪ್ರೀತಿ ಉಳಿದಿಲ್ಲ.

ದೊಡ್ಡ ಗಡಿಯಾರದ ಬಗ್ಗೆ ಒಂದೇ ಮಾತು. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ 75 ಅಡಿಯ ಗೋಪುರ, ಮುಖದ ಮೇಲಿನ ಅಂಕಿಗಳು ಕನ್ನಡದವು. ಬುಡದಲ್ಲಿ ನಿಂತು ವೈಡ್ ಲೆನ್ಸ್ ಎತ್ತಿದರೆ ಗೋಪುರ ಹಿಂದಕ್ಕೆ ಬೀಳುವ ಹಾಗೆ ಕಾಣುತ್ತದೆ, ಅಂಕಿಯೂ ಓದಲಾಗುವುದಿಲ್ಲ. ದೂರ ಹೋಗಿ, ಜೂಮ್ ಹಾಕಿ.

ಜನ ಬೇಕೆನಿಸಿದರೆ ದೇವರಾಜ ಮಾರುಕಟ್ಟೆ. ಅಲ್ಲಿ ರಾಗಿಚೀಲಕ್ಕೆ ಕೆಲಸವಿಲ್ಲ. ಕೈಯಲ್ಲೇ ಕ್ಯಾಮೆರಾ, 35 ಎಂಎಂ ಲೆನ್ಸ್, ಎಫ್ 2, ಐಎಸ್‌ಒ 3200. ಕಾಳುಕಾಳು ಬಂದರೆ ಬರಲಿ, ಮಸುಕಿಗಿಂತ ವಾಸಿ. ಮೊದಲ ಸಲ ಶಟರನ್ನು 250ರಲ್ಲಿ ಒಂದು ಸೆಕೆಂಡಿಗೆ ಇಟ್ಟಿದ್ದೆ. ಕುಂಕುಮದ ರಾಶಿಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬಂತು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಶಟರ್ ನೂರರಲ್ಲಿ ಒಂದು ಅಥವಾ ಐವತ್ತರಲ್ಲಿ ಒಂದು ಸೆಕೆಂಡಿಗೆ ಇಳಿಸಿದ ಮೇಲೆ ಪಟ್ಟಿ ಹೋಯಿತು.

ಕೇಳದೆ ಯಾರ ಮುಖವನ್ನೂ ತೆಗೆಯುವುದಿಲ್ಲ. ಮಲ್ಲಿಗೆ ಮಾರುವ ಒಬ್ಬರು, ‘ಮುಖ ಬ್ಯಾಡ ಕಣಪ್ಪ, ಬೇಕಾದ್ರೆ ಕೈ ತಗೋ’ ಎಂದರು. ಬಲ್ಬಿನ ಕೆಳಗೆ ದಾರಕ್ಕೆ ಹೂ ಕಟ್ಟುವ ಆ ಬೆರಳುಗಳ ಫೋಟೊ ಈಗ ನನ್ನ ಅಂಗಡಿಯ ಗೋಡೆಯ ಮೇಲಿದೆ. ಒಂದು ಪ್ರಿಂಟ್ ಅವರಿಗೂ ಕೊಟ್ಟೆ. ‘ಉಗುರು ಇಷ್ಟು ಕೊಳೆ ಇತ್ತಾ’ ಎಂದು ನಕ್ಕರು, ಒಂದು ಮೊಳ ಹೂ ಜಾಸ್ತಿ ಹಾಕಿದರು.

ಈಗ ಮತ್ತೆ ಆಷಾಢ. ನಾಳೆ ಭಾನುವಾರ, ಇವತ್ತು ಸಂಜೆ ಮೋಡ ಹದವಾಗಿದೆ. ಆದರೆ ಅಮ್ಮ ನನ್ನ ಚೀಲದ ಹೊಲಿಗೆ ಬಿಚ್ಚಿ ರಾಗಿಯನ್ನು ಮಿಲ್ಲಿಗೆ ಹಾಕಿಸಿಬಿಟ್ಟಿದ್ದಾರೆ. ಹೆಸರುಕಾಳು ಆದೀತಾ ಎಂದು ಕ್ಯಾಮೆರಾ ಇಟ್ಟು ನೋಡುತ್ತಿದ್ದೇನೆ.