ರಿಪೋರ್ಟಿನಲ್ಲಿ ‘ಏನೂ ಕಂಡಿಲ್ಲ’ ಎಂದು ಬಂದಾಗ

“ಜುಲಾಬು ಹತ್ತಿ ತಿಂಗಳಾತ್ರಿ, ರಿಪೋರ್ಟಿನ್ಯಾಗ ಏನೂ ಇಲ್ಲ ಅಂತ ಬರದಾರ.” ಎಚ್‌ಐವಿ ಇರುವವರ ಮಲ ಪರೀಕ್ಷೆ ಮಾಡುವ ಹುಬ್ಬಳ್ಳಿಯ ನಮ್ಮ ಲ್ಯಾಬಿನಲ್ಲಿ ಇದು ಹಳೆಯ ಮಾತು. ರಿಪೋರ್ಟು ಸುಳ್ಳಲ್ಲ. ಸಲೈನ್, ಅಯೋಡಿನ್ ಹಾಕಿ ನೋಡಿದರೆ ಜಂತಿನ ಮೊಟ್ಟೆ, ಅಮೀಬಾ, ಜಿಯಾರ್ಡಿಯಾ ಕಾಣುತ್ತವೆ. ಸಿಡಿ-4 (ರೋಗ ತಡೆಯುವ ಬಿಳಿ ರಕ್ತಕಣಗಳ ಎಣಿಕೆ) ಕುಸಿದವರನ್ನು ಹೆಚ್ಚು ಕಾಡುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ (ನಾವು ಕರೆಯುವುದು ‘ಕ್ರಿಪ್ಟೊ’) ಮಾತ್ರ ವಿಶೇಷ ಬಣ್ಣ ಹಾಕದಿದ್ದರೆ ಕಣ್ಣು ತಪ್ಪಿಸುತ್ತದೆ. ಅದಕ್ಕೇ ಚೀಟಿಯಲ್ಲಿ ‘ಮಾಡಿಫೈಡ್ ಆಸಿಡ್ ಫಾಸ್ಟ್ ಸ್ಟೇನ್’ ಎಂದು ಹೆಸರು ಹಿಡಿದು ಬರೆಸಬೇಕು. ಅಷ್ಟು ಬರೆದರೆ ಸಾಕು, ಎಚ್‌ಐವಿ ವಿಷಯ ಚೀಟಿಯ ಮೇಲೆ ಬರಬೇಕಿಲ್ಲ. ಊರಿನ ಲ್ಯಾಬಿನಲ್ಲಿ ಗುಟ್ಟು ರಟ್ಟಾದೀತೆಂದು ಹೆದರಿ ಪರೀಕ್ಷೆಯನ್ನೇ ಬಿಡುವವರಿಗೆ ನಾನು ಹೇಳುವ ದಾರಿ ಇದು.

ಡಬ್ಬಿ ಅಗಲ ಬಾಯಿಯದು, ಒಣಗಿದ್ದು ಇರಲಿ. ಮೂತ್ರ, ನೀರು ಬೆರೆಯಬಾರದು. “ಅಕ್ಕಾರ, ಡಬ್ಬಿ ತುಂಬಬ್ಯಾಡ್ರಿ, ಅಡಕಿಯಷ್ಟಿದ್ರ ಸಾಕು” ಅಂತ ಹೇಳುತ್ತೇನೆ. ನೀರಾಗಿದ್ದರೆ ಒಂದೆರಡು ಚಮಚ. ರೋಗಾಣು ಒಂದು ಸಲಕ್ಕೆ ಸಿಗದಿರಬಹುದು, ಹಾಗಾಗಿ ದಿನ ಬಿಟ್ಟು ದಿನ ಮೂರು ಮಾದರಿ. ಅಮೀಬಾದ ಓಡಾಡುವ ರೂಪ ನೋಡಬೇಕೆಂದರೆ ನೀರಾದ ಮಲ ಅರ್ಧ ಗಂಟೆಯೊಳಗೆ ಕೈಗೆ ಬರಬೇಕು. ಶಿಗ್ಗಾಂವಿಯಿಂದಲೋ ಗದಗದಿಂದಲೋ ಬಸ್ಸು ಹತ್ತಿ ಬರುವವರಿಗೆ ಅದು ಆಗದ ಮಾತು. ಅವರ ಮಾದರಿಯ ಒಂದು ಪಾಲಿಗೆ ಮೂರು ಪಾಲು 10% ಫಾರ್ಮಲಿನ್, ಅಂದರೆ ಮಾದರಿ ಕೆಡದಂತೆ ಕಾಯುವ ದ್ರವ. ಫಾರ್ಮಲಿನ್ ವಿಷ. ಬಾಟಲಿ ಮನೆಗೆ ಕೊಟ್ಟರೆ ಮಕ್ಕಳ ಕೈಗೆ ಸಿಗದಂತೆ ಇಡಲು ಹೇಳಲೇಬೇಕು.

ಸಾಂದ್ರೀಕರಣಕ್ಕೆ, ಅಂದರೆ ರೋಗಾಣುಗಳನ್ನು ತಳಕ್ಕೆ ಒಟ್ಟುಗೂಡಿಸಲು, ಸುಮಾರು ಒಂದು ಗ್ರಾಂ ಮಲವನ್ನು 7 ಮಿ.ಲೀ. ಫಾರ್ಮಲಿನ್‌ನಲ್ಲಿ ಕಲಸಿ, ಗಾಜ್ ಬಟ್ಟೆಯಲ್ಲಿ ಸೋಸಿ, 3 ಮಿ.ಲೀ. ಈಥರ್ ಹಾಕಿ ಕುಲುಕುತ್ತೇನೆ. ಬಿರಡೆಯನ್ನು ಮೆಲ್ಲಗೆ ತೆಗೆದು ಗಾಳಿ ಬಿಡಬೇಕು, ಇಲ್ಲದಿದ್ದರೆ ಮುಖಕ್ಕೇ ಸಿಡಿಯುತ್ತದೆ. ಹತ್ತಿರ ಬೆಂಕಿ ಇರಲೇಬಾರದು. ಎಲ್ಲರೂ ಎಡವುವುದು ಟ್ಯೂಬನ್ನು ಜೋರಾಗಿ ತಿರುಗಿಸುವ ಸೆಂಟ್ರಿಫ್ಯೂಜಿನ ಹೊತ್ತಿನಲ್ಲಿ. ಜಂತಿನ ಮೊಟ್ಟೆಗೆ ಎರಡು ನಿಮಿಷ ಸಾಕು, ಆದರೆ ಕ್ರಿಪ್ಟೊ ಬರೀ 4ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಪಾಲು). ಅದು ತಳಕ್ಕೆ ಇಳಿಯಲು 500 ಜಿ (ಭೂಮಿಯ ಸೆಳೆತದ 500 ಪಟ್ಟು) ಬಲದಲ್ಲಿ ಹತ್ತು ನಿಮಿಷ ಬೇಕು. ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ದರೆ ನಿಮಿಷಕ್ಕೆ ಸುಮಾರು 1,730 ಸುತ್ತು.

ತಳದ ಗಸಿಯನ್ನು ಸ್ಲೈಡಿಗೆ ತೆಳ್ಳಗೆ ಸವರಿ, ಒಣಗಿಸಿ, ಮೆಥನಾಲ್‌ನಲ್ಲಿ ಫಿಕ್ಸ್ ಮಾಡಬೇಕು. ಆಮೇಲೆ ಕಿನ್ಯೂನ್ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ 5 ನಿಮಿಷ, ಬಿಸಿ ಬೇಡ. 50% ಆಲ್ಕೋಹಾಲ್‌ನಲ್ಲಿ ಒಂದು ಸಲ ತೊಳೆದು, ನೀರು ಹಾಯಿಸಿ, 1% ಸಲ್ಫ್ಯೂರಿಕ್ ಆಮ್ಲ 2 ನಿಮಿಷ. ಕೊನೆಗೆ ಮೆಥಿಲೀನ್ ಬ್ಲೂ 1 ನಿಮಿಷ. ಪಕ್ಕದ ಟಿಬಿ ಮೇಜಿನ ಬಾಟಲಿಯಲ್ಲಿ ಇರುವುದು 25% ಆಮ್ಲ. ಅವಸರದಲ್ಲಿ ಅದನ್ನೇ ಸುರಿದರೆ ಊಸಿಸ್ಟಿನ (ಮಲದಲ್ಲಿ ಬರುವ ಕ್ರಿಪ್ಟೊದ ಗಟ್ಟಿ ಕವಚದ ರೂಪ) ಕೆಂಪು ತೊಳೆದು ಹೋಗಿ ಎಲ್ಲ ನೀಲಿಯಾಗುತ್ತದೆ, ‘ಇಲ್ಲ’ ಎಂಬ ರಿಪೋರ್ಟು ತಾನೇ ತಯಾರಾಗುತ್ತದೆ! ನಾನು ಎರಡು ಬಾಟಲಿಗೆ ಎರಡು ಬಣ್ಣದ ಮುಚ್ಚಳ ಇಟ್ಟಿದ್ದೇನೆ. ಪ್ರತಿ ಸರದಿಯಲ್ಲೂ ಗೊತ್ತಿರುವ ಪಾಸಿಟಿವ್ ಸ್ಲೈಡ್ ಒಂದನ್ನು ಜೊತೆಗೆ ಓಡಿಸುತ್ತೇನೆ.

ನೀಲಿ ಹಿನ್ನೆಲೆಯಲ್ಲಿ ಕೆಂಪು ದುಂಡು ಕಂಡರೆ ಅಳೆಯದೆ ಹೆಸರಿಡಬಾರದು. 4–6 ಮೈಕ್ರಾನ್ ಕ್ರಿಪ್ಟೊ. 8–10 ಇದ್ದು, ಕೆಲವು ಕೆಂಪಾಗಿ ಕೆಲವು ಬಣ್ಣ ಹಿಡಿಯದೆ ಉಳಿದಿದ್ದರೆ ಸೈಕ್ಲೊಸ್ಪೊರಾ, ಕ್ರಿಪ್ಟೊದಂಥದೇ ಇನ್ನೊಂದು ಪರಾವಲಂಬಿ. 20ರ ಮೇಲಿನ ಉದ್ದನೆಯ ಅಂಡಾಕಾರದ್ದು ಸಿಸ್ಟೊಐಸೊಸ್ಪೊರಾ, ಅದೂ ಅಂಥದೇ. ಯೀಸ್ಟ್ ಕ್ರಿಪ್ಟೊದಷ್ಟೇ ಇದ್ದು ನೀಲಿಯಾಗಿ ನಿಲ್ಲುತ್ತದೆ. ಈ ಗುರುತು ಮುಖ್ಯ: ಸೈಕ್ಲೊಸ್ಪೊರಾ, ಸಿಸ್ಟೊಐಸೊಸ್ಪೊರಾ ಕೊಟ್ರೈಮಾಕ್ಸಜೋಲ್ ಔಷಧಿಗೆ ಬಗ್ಗುತ್ತವೆ, ಕ್ರಿಪ್ಟೊ ಬಗ್ಗುವುದಿಲ್ಲ. ಕ್ರಿಪ್ಟೊಗೆ ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ) ತಪ್ಪದೆ ನುಂಗಿ ಸಿಡಿ-4 ಏರಿಸಿಕೊಳ್ಳುವುದೇ ನಿಜವಾದ ಚಿಕಿತ್ಸೆ, ಅಲ್ಲಿಯವರೆಗೆ ಓಆರ್‌ಎಸ್. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮೆಟ್ರೊನಿಡಜೋಲ್ ಮೂರಕ್ಕೂ ಕೆಲಸಕ್ಕೆ ಬಾರದು.

ನೀರಿನ ವಿಷಯದಲ್ಲಿ ಕ್ಲೋರಿನ್ ಗುಳಿಗೆಯ ಮೇಲಿನ ನಂಬಿಕೆ ದೊಡ್ಡದು, ಆದರೆ ಕ್ರಿಪ್ಟೊ ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ. ಮಲಪ್ರಭಾ ನೀರು ಬಿಟ್ಟ ದಿನ ಬ್ಯಾರಲ್ ತುಂಬಿ, ಮುಂದಿನ ಸರದಿಯವರೆಗೆ ಅದರಲ್ಲೇ ಕೈ ಹಾಕಿ ಚರಿಗೆ ಅದ್ದುತ್ತೇವೆ. ಕುಡಿಯುವುದನ್ನು ಬೇರೆ ತೆಗೆದು, ಕುದಿ ಬಂದ ಮೇಲೆ ಒಂದು ನಿಮಿಷ ಕೊತಕೊತ ಕುದಿಸಿ, ನಲ್ಲಿ ಇರುವ ಪಾತ್ರೆಯಲ್ಲಿ ಮುಚ್ಚಿಡಬೇಕು. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹತ್ತರಕಿ ಸೊಪ್ಪು ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ನಮ್ಮ ಊಟವೇ ಅದು. ಆದರೆ ಹುಬ್ಬಳ್ಳಿ ಅಂಚಿನ ಬಿಡನಾಳ, ಗಬ್ಬೂರ ಕಡೆ ನಾಲಾದ ಕೊಳಚೆ ನೀರು ಹಾಯಿಸಿದ ಹೊಲಗಳಿವೆ. ಸಿಡಿ-4 ಕಡಿಮೆ ಇರುವಷ್ಟು ಕಾಲ ಸೊಪ್ಪನ್ನು ಬೇಯಿಸಿ ತಿನ್ನುವುದೇ ಲೇಸು.

ಅಂಥ ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರ ಮಲದಲ್ಲಿ ಮರಿಹುಳ ಕಂಡರೆ ಮೊದಲು ಮಾದರಿಯ ವಯಸ್ಸು ನೋಡಿ. ದಿನವಿಡೀ ಇಟ್ಟಿದ್ದರೆ ಕೊಕ್ಕೆಹುಳದ ಮೊಟ್ಟೆ ಒಡೆದು ಮರಿಯಾಗಿರಬಹುದು. ಬಾಯಿ ನಳಿಕೆ ಉದ್ದ ಇದ್ದರೆ ಕೊಕ್ಕೆಹುಳ, ಗಿಡ್ಡ ಇದ್ದರೆ ಸ್ಟ್ರಾಂಜಿಲಾಯ್ಡಿಸ್ ಎಂಬ ಬೇರೆ ಹುಳ. ಎರಡನೆಯದಾದರೆ ರಿಪೋರ್ಟು ಕಾಯದೆ ವೈದ್ಯರಿಗೆ ಫೋನ್ ಮಾಡುತ್ತೇನೆ. ಬೇರಾವುದೋ ಕಾರಣಕ್ಕೆ ಅದೇ ದಿನ ಸ್ಟೆರಾಯ್ಡ್ ಶುರುವಾದರೆ ಆ ಹುಳ ಮೈಯೆಲ್ಲ ಹರಡಬಹುದು.