ಡಿ ಡ್ರೈವ್ ಇದ್ದರೆ ಸಾಲದು, ಫೋಲ್ಡರ್‌ಗಳನ್ನೇ ಅಲ್ಲಿಗೆ ಸ್ಥಳಾಂತರಿಸಿ

ವಿಂಡೋಸ್ ಕಂಪ್ಯೂಟರಿನಲ್ಲಿ ಡಿ ಡ್ರೈವ್ ಖಾಲಿ ಬಿದ್ದು ಕಡತಗಳೆಲ್ಲ ಸಿ ಡ್ರೈವ್‌ನಲ್ಲೇ ತುಂಬಿಕೊಳ್ಳುತ್ತಿದ್ದರೆ, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಫೋಲ್ಡರ್‌ಗಳ ಪ್ರಾಪರ್ಟೀಸ್ ತೆರೆದು, ಲೊಕೇಶನ್ ಟ್ಯಾಬ್‌ನಲ್ಲಿ ಮೂವ್ ಒತ್ತಿ, ಡಿ ಡ್ರೈವ್‌ನಲ್ಲಿ ಪ್ರತಿಯೊಂದಕ್ಕೂ ಮೊದಲೇ ರಚಿಸಿಟ್ಟ ಪ್ರತ್ಯೇಕ ಫೋಲ್ಡರ್ ಆಯ್ಕೆ ಮಾಡಿ. ನೇರವಾಗಿ ಡಿ ಡ್ರೈವ್ ಅನ್ನೇ ಆರಿಸಬೇಡಿ. ಆಮೇಲೆ ಅದನ್ನು ಸರಿಪಡಿಸುವುದು ದೊಡ್ಡ ರಗಳೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹ ಸೇವೆಯಾದ ಒನ್‌ಡ್ರೈವ್ ಈ ಫೋಲ್ಡರ್‌ಗಳನ್ನು ಬ್ಯಾಕಪ್ ಮಾಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಬೇಕಾಗಬಹುದು. ಪ್ರತಿಯೊಂದು ಪಾರ್ಟಿಷನ್ನಿಗೂ (ಸಿ, ಡಿ ಎಂದು ಗುರುತಿಸುವ ಡಿಸ್ಕ್‌ನ ಭಾಗ) ತನ್ನದೇ ಆದ ಫೈಲ್ ಸಿಸ್ಟಮ್, ಅಂದರೆ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ, ಇರುವುದರಿಂದ, ವಿಂಡೋಸ್ ಕೆಟ್ಟು ಸಿ ಡ್ರೈವ್ ಅನ್ನು ಫಾರ್ಮ್ಯಾಟ್ ಮಾಡಿದರೂ ಡಿ ಡ್ರೈವ್‌ನಲ್ಲಿರುವುದು ಹಾಗೆಯೇ ಉಳಿಯುತ್ತದೆ. ಪ್ರತಿ ಸಲ ಸೇವ್ ಮಾಡುವಾಗ ಜಾಗ ಹುಡುಕುವ ಶಿಸ್ತೂ ಬೇಕಾಗುವುದಿಲ್ಲ, ಆ ಶಿಸ್ತು ಯಾರಲ್ಲೂ ಬಹಳ ದಿನ ಉಳಿಯುವುದಿಲ್ಲವೆಂಬುದು ಬೇರೆ ಮಾತು. ಆದರೆ ಎರಡು ಪಾರ್ಟಿಷನ್‌ಗಳೂ ಒಂದೇ ಡಿಸ್ಕ್‌ನಲ್ಲಿದ್ದರೆ, ಆ ಡಿಸ್ಕ್ ಹಾಳಾದಾಗ ಎರಡೂ ಒಟ್ಟಿಗೆ ಹೋಗುತ್ತವೆ, ಕಡತಗಳನ್ನು ಒತ್ತೆಯಿಡುವ ರ‍್ಯಾನ್‌ಸಮ್‌ವೇರ್ ಕೂಡ ಡ್ರೈವ್‌ನ ಅಕ್ಷರ ನೋಡಿ ಬಿಡುವುದಿಲ್ಲ, ಆದ್ದರಿಂದ ಇದನ್ನು ಬ್ಯಾಕಪ್ ಎಂದು ಭಾವಿಸದೆ ಮುಖ್ಯ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬೇಕು. ವಿಂಡೋಸ್ ಮರುಸ್ಥಾಪಿಸುವವರು ಎಲ್ಲ ಪಾರ್ಟಿಷನ್‌ಗಳನ್ನೂ ಅಳಿಸಿಬಿಟ್ಟರೂ ಈ ಏರ್ಪಾಡು ವ್ಯರ್ಥ. ಕಂಪ್ಯೂಟರನ್ನು ರಿಪೇರಿಗೆ ಕೊಡುವಾಗ ಡಿ ಡ್ರೈವ್ ಮುಟ್ಟಬಾರದೆಂದು ಬರೆದೇ ಕೊಡಿ. ಡಿ ಡ್ರೈವ್‌ಗೆ ವಿಂಡೋಸ್‌ನ ಎನ್‌ಕ್ರಿಪ್ಷನ್ ಬೀಗವಾದ ಬಿಟ್‌ಲಾಕರ್ ಹಾಕಿದ್ದರೆ ಅದನ್ನು ತೆರೆಯುವ ರಿಕವರಿ ಕೀಯನ್ನು ಕಂಪ್ಯೂಟರಿನ ಹೊರಗೆ ಎಲ್ಲಾದರೂ ಬರೆದಿಟ್ಟುಕೊಳ್ಳಿ.